ಕೂಸಿನ ಮೇಲೆ ಹಾಕಿದ ಮಾತು

ಯಾದಗಿರಿ
ತಾ. 13-8-1956

ಅವ್ವಗೆ ಕಲ್ಯಾಣಿಯ ಶರಣು.

ಅಪ್ಪ ನಮ್ಮನ್ನು ಇಲ್ಲಿ ಮುಟ್ಟಿಸಿ ತಿರುಗಿ ಹೋದ ಮೇಲೆ ಇದು ಮೊದಲನೆಯ ಕಾಗದ. ಕೂಸು ಅಯ್ಯಣ್ಣ ಸುರಪುರ ದಾಟುವ ತನಕ ಅತ್ತ, ಶಹಾಪುರ ಬಂದಾಗ ಮಲಗಿದ, ಇಲ್ಲಿ ಇಳಿಯುವಾಗ ಎದ್ದು ಎಲ್ಲರ ಮುಖ ನೋಡಿ ನಕ್ಕ. ಈ ಮನೆಯವರಿಗೆ ಅಷ್ಟೇ ಸಾಕಾಯಿತು.

ಆದರೆ ಅವ್ವ, ನೀನು ಬರಬೇಕಾಗಿತ್ತು. ಚೊಚ್ಚಲ ಬಾಣಂತನ ಮುಗಿಸಿ ಮಗಳನ್ನೂ ತೊಟ್ಟಿಲನ್ನೂ ಗಂಡನ ಮನೆಗೆ ಮುಟ್ಟಿಸಲು ಹಡೆದ ತಾಯಿ ಬರದಿದ್ದರೆ ಜನ ಏನು ತಿಳಿಯುತ್ತಾರೆ? ತೊಟ್ಟಿಲು ಇಳಿಸುವಾಗ ಅತ್ತೆ ಮೋಟರಿನೊಳಗೆ ಬಗ್ಗಿ ನೋಡಿದರು. "ಬೀಗತಿ ಎಲ್ಲೆದಾರ್ರಿ?" ಎಂದರು. ಅಪ್ಪ ಮೊಣಕಾಲು ನೋವು ಎಂದ. "ಐದು ತಿಂಗಳು ಬಾಣಂತಿಗೆ ನೀರು ಹಾಕಾಕ ನೋಯದ ಕಾಲು ನಮ್ಮ ಹೊಸ್ತಿಲ ತುಳಿಯಾಕ ನೊಂದ್ವೇನು?" ಎಂದು ಒಳಗೆ ಹೋದರು. ಅವರ ಮನೆ ನಿನಗೆ ಸಣ್ಣದಾಯಿತೆಂದು ಅವರು ತಿಳಿದಿದ್ದಾರೆ. ನನಗೂ ನಿನ್ನ ಮನಸ್ಸು ತಿಳಿಯಲಿಲ್ಲ.

ಇನ್ನೊಂದು ಮಾತು. ಅಯ್ಯಣ್ಣ ಬಹಳ ಒದ್ದೆ ಮಾಡುತ್ತಾನೆಂದು ನಾನೇ ಅತ್ತೆಗೆ ಹೇಳಿದೆ. ಅವನು ನಿನ್ನ ಮಡಿಲಲ್ಲಿದ್ದಾಗೆಲ್ಲ ನಿನ್ನ ಸೀರೆ ತೊಯ್ಯುತ್ತಿದ್ದುದು, "ತುಂಟ, ಮತ್ತ ತೋಯ್ಸಿದ ನೋಡು" ಎಂದು ನೀನು ಎದ್ದು ಹೋಗುತ್ತಿದ್ದುದು, ಎಲ್ಲ ನಗೆಗೆಂದು ಹೇಳಿದೆ. ಅತ್ತೆ ನಗಲಿಲ್ಲ. "ಅಷ್ಟು ನೀರು ಹೋದ್ರ ಕೂಸಿನ ಮೈಯಾಗ ಏನು ಉಳೀತದ?" ಎಂದರು. ಅಂದಿನಿಂದ ಅವನ ಬಟ್ಟೆಯನ್ನು ಮುಟ್ಟಿ ಮುಟ್ಟಿ ನೋಡುತ್ತಾರೆ. ನಿನ್ನನ್ನು ಕೇಳಿ ಬರೆಯಲು ಹೇಳಿದ್ದಾರೆ: ನಿಜವಾಗಿಯೂ ಅಷ್ಟು ಸಲ ಹೋಗುತ್ತಿದ್ದನೇ?

ಬರೆಯುವಾಗ ನೆನಪಿರಲಿ, ಇಲ್ಲಿ ಟಪಾಲು ಮೊದಲು ಮಾವನವರ ಕೈಗೆ ಹೋಗುತ್ತದೆ. ಯಾರ ಹೆಸರಿಗೆ ಬಂದರೂ ಪಡಸಾಲೆಯಲ್ಲಿ ಮಂದಿಯನ್ನು ಕೂಡಿಸಿ ದೊಡ್ಡ ದನಿಯಲ್ಲಿ ಓದುತ್ತಾರೆ. ಕಾಳು ಮಾರಲು ಅಡತಿ ಅಂಗಡಿಗೆ ಬಂದ ರೈತರೂ ಕೂತು ಕೇಳುತ್ತಾರೆ. ಅದು ಈ ಮನೆಯ ಪದ್ಧತಿ.

ನಿನ್ನ ಮಗಳು
ಕಲ್ಯಾಣಿ


ಕೊಡೇಕಲ್
ತಾ. 22-8-1956
(ಬರೆದು ಕಳಿಸದೆ ಬಿಟ್ಟದ್ದು)

ಕಲ್ಯಾಣಿ,

ಕೂಸಿಗೆ ಏನೂ ಆಗಿಲ್ಲ. ಒದ್ದೆ ಮಾಡುತ್ತಿದ್ದವಳು ನಾನು. ನಿನ್ನ ತಮ್ಮ ಮಲ್ಲಣ್ಣ ಹುಟ್ಟಿದಂದಿನಿಂದ ಹೀಗಾಗಿದೆ. ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ, ನಕ್ಕರೆ ಸಹ ತಡೆಯುವುದಿಲ್ಲ. ಅದಕ್ಕೇ ಕೂಸನ್ನು ಮಡಿಲಿನಿಂದ ಇಳಿಸುತ್ತಿರಲಿಲ್ಲ. ಸೀರೆ ತೊಯ್ದರೆ ಅವನ ಹೆಸರು ಹೇಳುತ್ತಿದ್ದೆ. ಮೋಟರಿನ ಕುಲುಕಾಟದಲ್ಲಿ ಅಷ್ಟು ದೂರ ಬಂದು, ನಿಮ್ಮ ಮಂದಿಯ ಎದುರಿಗೆ ಹಾಸಿದ ಜಮಖಾನೆಯ ಮೇಲಿಂದ ಎದ್ದು ನಿಲ್ಲುವುದು ಹೇಗೆಂದು

ಇದನ್ನು ನಿಮ್ಮ ಮಾವನವರು ಓದುತ್ತಾರೆ.


ಕೊಡೇಕಲ್
ತಾ. 22-8-1956

ಶ್ರೀ ಗುರುಬಸವ ಕಾಯಲಿ.

ಮಗಳು ಕಲ್ಯಾಣಮ್ಮಳಿಗೆ ತಾಯಿ ಭಾಗಮ್ಮ ಹರಸಿ ಬರೆಯುವುದು. ಬೀಗರಾದ ಬಸವಂತರಾಯರಿಗೂ ಅಂಬವ್ವನವರಿಗೂ ನನ್ನ ಶರಣು ತಿಳಿಸು. ಇಲ್ಲಿ ಮಳೆ ಹದವಾಗಿದೆ, ಸಜ್ಜೆ ಮೊಣಕಾಲೆತ್ತರ ಬಂದಿದೆ.

ನಾನು ಬರದೆ ಇದ್ದದ್ದಕ್ಕೆ ಅಂಬವ್ವನವರು ನೊಂದಿದ್ದು ಕೇಳಿ ಸಂಕಟವಾಯಿತು. ಮೊಣಕಾಲಿನ ನೋವು ನಿಜ. ಅವರ ಮನೆ ನನಗೆ ಸಣ್ಣದಲ್ಲ. ಸಣ್ಣವಳು ನಾನು.

ಅಯ್ಯಣ್ಣನ ಸಂಗತಿ ಕೇಳಿದ್ದೀರಿ. ಹೌದು, ಒದ್ದೆ ಮಾಡುತ್ತಿದ್ದ. ಸ್ವಲ್ಪ ಹೆಚ್ಚೇ ಅನ್ನಬಹುದು. ಗಂಡುಕೂಸು ಹಾಗೆಯೇ ಇರುತ್ತದೆ. ಹಲ್ಲು ಬರುವಾಗ ತಾನೇ ಕಡಿಮೆಯಾಗುತ್ತದೆ, ಔಷಧ ಬೇಡ. ಗುಡಿಯ ವಿಭೂತಿ ಕಾಗದದಲ್ಲಿ ಮಡಚಿಟ್ಟಿದ್ದೇನೆ, ಹಣೆಗೆ ಹಚ್ಚು.

ತಾಯಿ
ಭಾಗಮ್ಮ


ಯಾದಗಿರಿ
ತಾ. 12-9-1956

ಅವ್ವ,

ನಿನ್ನ ಕಾಗದವನ್ನು ಮಾವನವರು ಓದಿದರು. 'ಸ್ವಲ್ಪ ಹೆಚ್ಚೇ' ಎಂಬಲ್ಲಿ ಅತ್ತೆ ಕೈ ಎತ್ತಿ ನಿಲ್ಲಿಸಿ ಇನ್ನೊಮ್ಮೆ ಓದಿಸಿದರು. "ಕೇಳಿದ್ರ್ಯಾ? ಎತ್ತಿ ಆಡಿಸಿದಾಕಿನೇ ಹೇಳ್ಯಾಳ. ನಾ ಸುಮ್ಮ ಸುಮ್ಮನ ಅಂಜೀನೇನು?" ಎಂದರು.

ಈಗ ಕೂಸಿಗೆ ಸಲಸಲಕ್ಕೆ ಮೊಲೆ ಕೊಡಬೇಡ ಎಂದು ನನಗೆ ತಾಕೀತಾಗಿದೆ. ಕುಡಿದಷ್ಟೂ ಹೋಗುತ್ತದಂತೆ. ಅವನು ಅತ್ತು ಅತ್ತು ದನಿ ಒಡೆದಿದೆ. ಮೈ ಇಳಿದಿದೆ. ಮೈ ಇಳಿದದ್ದು ನೋಡಿ ಅತ್ತೆಯ ಅಂಜಿಕೆ ಇನ್ನೂ ಹೆಚ್ಚಿದೆ. ಮೊನ್ನೆ ಕೋಟೆಯ ಹಿಂದಿನ ತಿಮ್ಮವ್ವಳನ್ನು ಕರೆಸಿದರು. ಕೂಸುಗಳಿಗೆ ಬರೆ ಹಾಕುವವಳು. ಹೊಟ್ಟೆ ಒತ್ತಿ ನೋಡಿ, "ನೀರಿನ ನರ ಬಿಚ್ಚೇದ. ಹೊಕ್ಕಳ ಕೆಳಗ ಮೂರು ಬರಿ ಕೊಡಬೇಕು, ಸೋಮವಾರಕ್ಕೊಂದು. ಅಂದ್ರ ನೀರು ಕಟ್ಟತದ" ಎಂದಳು. ಎಣ್ಣೆ ಹಚ್ಚಿದ ಅರಿಷಿಣದ ಕೊಂಬನ್ನು ಕೆಂಡದಲ್ಲಿ ಕೆಂಪಗೆ ಮಾಡಿ ಚರ್ಮಕ್ಕೆ ಒತ್ತುತ್ತಾರೆ.

ನಿನ್ನ ಅಳಿಯ, "ದವಾಖಾನಿಗೆ ತೋರಸೂಣು ಬೇ" ಎಂದರು. "ನಿನಗೂ ಕೊಡಿಸಿದ್ದೆ, ಸತ್ತೇನು?" ಎಂದರು ಅತ್ತೆ. ನಿನ್ನ ಅಳಿಯನ ಹೊಟ್ಟೆಯ ಮೇಲೆ ಆ ಎರಡು ಗುರುತುಗಳು ಇನ್ನೂ ಇವೆ.

ಬರುವ ಸೋಮವಾರ ಮೊದಲನೆಯದು. ನನಗೆ ಬಹಳ ಭಯವಾಗಿದೆ ಅವ್ವ. ನೀನು ಬೇಡ ಎಂದರೆ ಅತ್ತೆ ಕೇಳಬಹುದು. ಬೇಗ ಬರೆ.

ಕಲ್ಯಾಣಿ


ಕೊಡೇಕಲ್
ತಾ. 19-9-1956
(ಮೋಟರಿನ ಶರೀಫಸಾಬನ ಕೈಯಲ್ಲಿ)

ಬಸವಂತರಾಯರಿಗೆ ಬೀಗತಿ ಭಾಗಮ್ಮ ಬರೆಯುವುದು.

ಕಾಗದ ಕಲ್ಯಾಣಿಯ ಹೆಸರಿಗಿದೆ. ಓದುವವರು ನೀವೆಂದು ತಿಳಿದೇ ಬರೆದಿದ್ದೇನೆ. ಪಡಸಾಲೆಯಲ್ಲಿ ಯಾರು ಕೂತಿದ್ದರೂ ಎಬ್ಬಿಸಬೇಡಿರಿ. ನನ್ನ ಸುಳ್ಳನ್ನು ಅವರೆಲ್ಲ ಕೇಳಿದ್ದಾರೆ, ಇದನ್ನೂ ಕೇಳಲಿ.

ಕಲ್ಯಾಣಿಯ ಕಾಗದ ನನಗೆ ಇಂದು ಮುಟ್ಟಿತು, ಸೋಮವಾರ ಏನಾಯಿತೋ ತಿಳಿಯದು. ಕೂಸಿಗೆ ಬರೆ ಹಾಕಬೇಡಿರಿ. ಕೂಸಿಗೆ ರೋಗವಿಲ್ಲ. ರೋಗ ನನಗಿದೆ. ನನಗೆ ಉಚ್ಚೆ ನಿಲ್ಲುವುದಿಲ್ಲ.

ಕೊನೆಯ ಹೆರಿಗೆಯಿಂದ ಹೀಗಿದೆ. ಕೆಮ್ಮಿದರೆ ಹೋಗುತ್ತದೆ, ಬೀಸುಕಲ್ಲಿಗೆ ಕೂತರೆ ಹೋಗುತ್ತದೆ, ನೀರು ಹೊತ್ತರೆ ಹೋಗುತ್ತದೆ. ಸೀರೆಯೊಳಗೆ ಅರಿವೆ ಮಡಚಿಟ್ಟುಕೊಳ್ಳುತ್ತೇನೆ. ವಾಸನೆ ಯಾರಿಗಾದರೂ ಬಂದೀತೆಂದು ಗುಡಿಯಲ್ಲಿ ಹೊರಗಿನ ಕಟ್ಟೆಗೆ ಕೂಡುತ್ತೇನೆ. ಲಿಂಗಪೂಜೆಗೆ ಕೂತಾಗ ಕೆಮ್ಮು ಬಂದರೆ ಎದ್ದು ಮತ್ತೆ ಮೈ ತೊಳೆದು ಮೊದಲಿನಿಂದ ಕೂಡುತ್ತೇನೆ. ಶಿವನಿಗೆ ಗೊತ್ತಿದ್ದದ್ದು ಮಂದಿಗೆ ಗೊತ್ತಾಗಬಾರದೆಂದು ಇಷ್ಟೆಲ್ಲ ಮಾಡಿದೆ. ಮೊಮ್ಮಗ ಹುಟ್ಟಿದ. ಕೂಸು ಮಡಿಲಲ್ಲಿದ್ದರೆ ಒದ್ದೆ ಯಾರದೆಂದು ಯಾರೂ ಕೇಳುವುದಿಲ್ಲ. ಐದು ತಿಂಗಳು ನನಗೆ ಅಂಜಿಕೆ ಇರಲಿಲ್ಲ. ಅಜ್ಜಿಗೆ ಮೊಮ್ಮಗನ ಮೇಲೆ ಎಷ್ಟು ಜೀವ ಎಂದು ಓಣಿಯೆಲ್ಲ ಹೇಳಿತು. ಜೀವ ಇತ್ತು, ಸುಳ್ಳಲ್ಲ. ಇದೂ ಇತ್ತು.

ಆ ಸಲ ನೀವು ಕೇಳಿಸಿದಾಗ ಹೌದು ಎಂದು ಬರೆದೆ. ಮಠದ ಸಾಲೆಯ ಅಯ್ಯನವರು ನನಗೆ ಅಕ್ಷರ ಕಲಿಸಿದ್ದು ಅದಕ್ಕಲ್ಲ.

ನಾನೇ ಬರಬೇಕಾಗಿತ್ತು. ಎದುರಿಗೆ ಬಂದರೆ ನನ್ನ ಬಾಯಿ ಮತ್ತೊಂದು ಸುಳ್ಳು ಹೇಳೀತೆಂದು ಕೈಯಿಂದ ಬರೆದಿದ್ದೇನೆ. ಲಕೋಟೆ ಸಿಗಲಿಲ್ಲ. ಮಡಚಿ ಹಾಗೆಯೇ ಕೊಡುತ್ತೇನೆ. ಶರೀಫಸಾಬ ಓದಿದರೆ ಓದಲಿ.

ಅಂಬವ್ವನವರೇ, ನಾನು ನಿಮ್ಮ ಹೊಸ್ತಿಲು ತುಳಿಯದೆ ಇದ್ದದ್ದು ಸೊಕ್ಕಿನಿಂದಲ್ಲ. ನೀವು ಹಾಸುವ ಜಮಖಾನೆಯ ಮೇಲೆ ಕೂಡುವ ಧೈರ್ಯ ಇರಲಿಲ್ಲ. ಬೈಯಿರಿ, ಎಷ್ಟು ಬೇಕಾದರೂ ಬೈಯಿರಿ. ಅದಕ್ಕೆ ಮೊದಲು ತಿಮ್ಮವ್ವಳಿಗೆ ಬೇಡವೆಂದು ಹೇಳಿ ಕಳಿಸಿರಿ. ಕೂಸಿಗೆ ಹೊಟ್ಟೆತುಂಬ ಹಾಲು ಕುಡಿಸಿರಿ. ಅವನು ಬಾಯಾರಿ ಅಳುತ್ತಿದ್ದಾನೆ.

ಭಾಗಮ್ಮ


ಯಾದಗಿರಿ
ತಾ. 11-10-1956

ಅವ್ವ,

ಇಷ್ಟು ದಿನ ಬರೆಯಲಿಲ್ಲ. ಕೂತರೆ ಸಿಟ್ಟು ಬರುತ್ತಿತ್ತು, ಎದ್ದರೆ ಅಳು ಬರುತ್ತಿತ್ತು.

ಶರೀಫಸಾಬ ತಂದುಕೊಟ್ಟ ಕಾಗದವನ್ನು ಮಾವನವರು ಎಂದಿನಂತೆಯೇ ಓದಲು ಸುರುಮಾಡಿದರು. ಇಬ್ಬರು ರೈತರಿದ್ದರು, ಅಂಗಡಿಯ ಲೆಕ್ಕದ ಮುನೀಮ ವೆಂಕಪ್ಪ ಇದ್ದ. 'ರೋಗ ನನಗಿದೆ' ಎಂಬಲ್ಲಿಯ ತನಕ ದೊಡ್ಡ ದನಿ ಇತ್ತು. ಮುಂದಿನ ಸಾಲನ್ನು ಕಣ್ಣಲ್ಲೇ ಓದಿದರು. "ಮುಂದೇನದ್ರಿ ಸಾವುಕಾರ್ರ?" ಎಂದ ವೆಂಕಪ್ಪ. "ಮುಂದೇನಿಲ್ಲ. ನೀ ಹೋಗಿ ತೊಗರಿ ತೂಗು" ಎಂದರು. ಎಬ್ಬಿಸಬೇಡಿರಿ ಎಂದು ನೀನು ಬರೆದಿದ್ದರೂ ಎಲ್ಲರನ್ನೂ ಎಬ್ಬಿಸಿ ಕಳಿಸಿದರು. ಆಮೇಲೆ ಕಾಗದವನ್ನು ನನ್ನ ಕೈಗಿಟ್ಟು, "ನಿಮ್ಮ ಅತ್ತಿಗೆ ಒಳಗ ಓದಿ ಹೇಳವ್ವ" ಎಂದು ಬೆನ್ನು ತಿರುಗಿಸಿದರು.

ಅಡಿಗೆಮನೆಯಲ್ಲಿ ಓದಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದವರು ಕೈ ಹಿಟ್ಟಿನಲ್ಲೇ ಇಟ್ಟುಕೊಂಡು ಕೇಳಿದರು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ಎದ್ದು ಹೋಗಿ ತಾವೇ ತಿಮ್ಮವ್ವಳಿಗೆ ಬೇಡ ಎಂದು ಹೇಳಿ ಬಂದರು.

ಆದರೆ ಅವ್ವ, ಒಂದು ಬರೆ ಬಿದ್ದು ಆಗಲೇ ಮೂರು ದಿನವಾಗಿತ್ತು. ನನ್ನನ್ನು ಹಿತ್ತಲಿಗೆ ಕಳಿಸಿ ಹಾಕಿದರು. ಅವನು ಕೂಗಿದ್ದು ಅಲ್ಲಿಗೆ ಕೇಳಿಸಿತು. ಉಳಿದೆರಡು ತಪ್ಪಿದವು. ಗಾಯ ಕೀವು ಸೋರಿ ಈಗ ಹಕ್ಕಳೆಗಟ್ಟಿದೆ. ಹಾಲು ಕುಡಿಯುತ್ತಾನೆ, ಮೈ ತಿರುಗಿ ತುಂಬುತ್ತಿದೆ.

ಐದು ತಿಂಗಳು ನಿನ್ನ ಮಗ್ಗುಲಲ್ಲಿ ಮಲಗಿದ್ದೆ. ನಾನು ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ನನಗೂ ಹೇಳಬಾರದಾಗಿತ್ತೇ?

ಅತ್ತೆ ನಿನ್ನ ಹೆಸರು ಎತ್ತುವುದಿಲ್ಲ. ಕೂಸಿಗೆ ನೀರು ಹಾಕುವುದನ್ನೂ ಬಿಟ್ಟಿದ್ದಾರೆ, ನಾನೇ ಹಾಕುತ್ತೇನೆ. ಬಹಳ ಸಿಟ್ಟಿನಲ್ಲಿದ್ದಾರೆಂದು ಕಾಣುತ್ತದೆ.

ಮಾವನವರು ಶೇಂಗಾ ವ್ಯಾಪಾರಕ್ಕೆ ಸೊಲ್ಲಾಪುರಕ್ಕೆ ಹೋಗಿದ್ದರು. ಅಲ್ಲಿಯ ಒಂದು ದೊಡ್ಡ ದವಾಖಾನೆಯಲ್ಲಿ ಹೆಣ್ಣು ಡಾಕ್ಟರ್ ಇದ್ದಾರಂತೆ. ನಿನ್ನ ಈ ರೋಗಕ್ಕೆ ಆಪರೇಷನ್ ಮಾಡುತ್ತಾರಂತೆ. ಮಾವನವರು ನಿನ್ನ ಅಳಿಯನಿಗೆ ಹೇಳಿ, ಅವರು ನನಗೆ ಹೇಳಿದರು: "ನಾಚಿಕಿ ಪಟ್ಕೊಂಡು ಕುಂತ್ರ ಹೊಲಿಗಿ ತಾನಾಗೇ ಬೀಳಂಗಿಲ್ಲ ಅಂತ ನಿಮ್ಮ ಅವ್ವಗ ಬರಿ."

ಕಲ್ಯಾಣಿ


ಕೊಡೇಕಲ್
ತಾ. 29-10-1956

ಮಗಳೇ,

ಒಂದು ಬರೆ ಬಿದ್ದಿತೆಂದು ಓದಿದ ಮೇಲೆ ಮುಂದಿನ ಸಾಲುಗಳನ್ನು ಎರಡು ದಿನ ಓದಲಾಗಲಿಲ್ಲ.

ಸೊಲ್ಲಾಪುರಕ್ಕೆ ನಾನು ಹೋಗುವುದಿಲ್ಲ. ಬೀಗರ ಎದುರಿಗೆ ತಲೆಯ ಮೇಲಿನ ಸೆರಗು ಸರಿಸಿದವಳಲ್ಲ ನಾನು. ಅಂಥವರು ನನ್ನ ಸೀರೆಯ ಸಂಗತಿಯನ್ನು ಹಿಡಿದು ದವಾಖಾನೆಯಲ್ಲಿ ವಿಚಾರಿಸಿದರು ಎಂದರೆ ನೆಲ ಬಾಯಿ ಬಿಡಬಾರದೇ ಎನ್ನಿಸುತ್ತದೆ. ಅವರು ಒಳ್ಳೆಯದಕ್ಕೇ ಮಾಡಿದ್ದಾರೆ. ಅದರಿಂದ ನಾಚಿಕೆ ಇನ್ನೂ ಹೆಚ್ಚಾಗಿದೆ. ಶರೀಫಸಾಬ ಮೊನ್ನೆ ಬಂದಾಗ ಕೇಳದೆಯೇ, "ಅವ್ವಾರ, ನಂಗ ಕನ್ನಡ ಓದಾಕ ಬರಂಗಿಲ್ರಿ, ಉರ್ದು ಅಷ್ಟ" ಎಂದ. ನಿಜವೋ ಸುಳ್ಳೋ ಶಿವನೇ ಬಲ್ಲ.

ನಿನ್ನ ಅಪ್ಪನಿಗೆ ಹೇಳಿದೆ. "ಗೊತ್ತದ" ಎಂದರು.

"ಯಾವಾಗಿಂದ?"

"ಹಾಸಿಗಿ ಬ್ಯಾರೆ ಮಾಡಿದಿ ಅಲ್ಲ, ನನ್ನ ಮ್ಯಾಲ ಬ್ಯಾಸರ ಆಗ್ಯಾದ ಅಂತ ಮೊದಲ ತಿಳಿದಿದ್ದೆ. ಆಮ್ಯಾಲ ನೀ ನಸುಕಿನಾಗ ಅರಿವಿ ಒಗಿಯೋದು ನೋಡಿದೆ."

"ಕೇಳಬಾರದಿತ್ತೇನು?"

"ನೀ ಹೇಳಬಾರದಿತ್ತೇನು?"

ಹೋಗಿ ಬರೋಣ ಎನ್ನುತ್ತಾರೆ ಅವರು. ನನಗೆ ಮನಸ್ಸಿಲ್ಲ. ಐವತ್ತು ತುಂಬಿತು, ಇನ್ನೆಷ್ಟು ದಿನ? ಕೂಸಿನ ಮೈಮೇಲೆ ನನ್ನಿಂದ ಗುರುತು ಬಿದ್ದಿದೆ. ಅದು ಹೋಗುವುದಿಲ್ಲ. ನನ್ನದೂ ಹೋಗಬಾರದು. ಶಿವನು ಕೊಟ್ಟ ಶಿಕ್ಷೆಯನ್ನು ಡಾಕ್ಟರ ಕೈಯಲ್ಲಿ ಬಿಡಿಸಿಕೊಳ್ಳುವುದು ನ್ಯಾಯವಲ್ಲ. ನನ್ನನ್ನು ಒತ್ತಾಯ ಮಾಡಬೇಡ.

ಭಾಗಮ್ಮ


ಯಾದಗಿರಿ
ತಾ. 12-11-1956

ಅವ್ವ,

ಒಂದನೇ ತಾರೀಖಿನಿಂದ ನಾವೂ ನೀವೂ ಮೈಸೂರು ರಾಜ್ಯದವರಾದೆವು. ಹೈದರಾಬಾದಿನ ಕಾಲ ಮುಗಿಯಿತೆಂದು ಮಾವನವರು ಅಂಗಡಿಯಲ್ಲಿ ಪೇಢೆ ಹಂಚಿದರು.

ನಿನ್ನ ಕಾಗದ ಓದಿದೆ. ನಾನೇ ಓದಿದೆ. ಈಗ ಮಾವನವರು ಹೆಸರು ನೋಡಿ ಅವರವರ ಕೈಗೇ ಕೊಡುತ್ತಾರೆ.

ಒಂದೇ ಮಾತು ಕೇಳುತ್ತೇನೆ. ನೀನು ಅಲ್ಲಿ ಒದ್ದೆಯಾಗಿ ಕೂತರೆ ಇಲ್ಲಿ ಅಯ್ಯಣ್ಣನ ಗಾಯ ಒಣಗುತ್ತದೆಯೇ? ಶಿಕ್ಷೆ ಎನ್ನುತ್ತೀ. ನೀನು ಇನ್ನು ಮುಂದೆ ಅವನನ್ನು ಎತ್ತುವುದಿಲ್ಲ, ನಮ್ಮ ಮನೆಗೆ ಬರುವುದಿಲ್ಲ, ನನ್ನ ಮುಂದಿನ ಹೆರಿಗೆಗೂ ಹೊರಗಿನ ಕಟ್ಟೆಗೆ ಕೂಡುತ್ತೀ. ಅದು ಯಾರಿಗೆ ಶಿಕ್ಷೆ ಅವ್ವ? ಈ ಶಿಕ್ಷೆ ಕೊಟ್ಟವನು ಶಿವನಲ್ಲ. ನೀನೇ ಕೊಟ್ಟುಕೊಂಡು ಶಿವನ ಹೆಸರು ಹೇಳುತ್ತಿದ್ದೀ. ಮೊದಲು ಕೂಸಿನ ಹೆಸರು ಹೇಳಿದೆ, ಈಗ ಶಿವನ ಹೆಸರು.

ಬರೆದದ್ದು ಹೆಚ್ಚಾಯಿತೇನೋ. ಅಳಿಸುವುದಿಲ್ಲ.

ಕಲ್ಯಾಣಿ


ಸೊಲ್ಲಾಪುರ, ದವಾಖಾನೆ
ತಾ. 14-12-1956

ಮಗಳಿಗೆ ಅವ್ವ ಮಲಗಿಕೊಂಡೇ ಬರೆಯುವುದು. ಅಕ್ಷರ ಸೊಟ್ಟ ಬಿದ್ದರೆ ಕೂಡಿಸಿ ಓದು.

ಆಪರೇಷನ್ ಆಯಿತು. ಜೀವಕ್ಕೆ ಏನೂ ಇಲ್ಲ.

ಬರುವಾಗ ಯಾದಗಿರಿಯ ಟೇಸನ್ನಿನಲ್ಲಿ ರೈಲು ಹತ್ತಿದೆವು. ನಿಮ್ಮ ಮನೆಗೆ ಬರಲಿಲ್ಲ. ಆದರೂ ಬೀಗರು ಟೇಸನ್ನಿಗೆ ಬಂದಿದ್ದರು. ನನ್ನ ಕಡೆ ನೋಡದೆ ನಿನ್ನ ಅಪ್ಪನಿಗೆ, "ಸಂಡಾಸದ ಬಾಜು ಜಾಗ ಹಿಡಿಸೀನ್ರಿ. ಬೀಗತ್ಯಾರಿಗೆ ಅಲ್ಲೇ ಕೂಡಸ್ರಿ, ಮಂದಿ ದಾಟಿ ಹೋಗೋದು ತಪ್ಪತದ" ಎಂದರು. ಸೆರಗಿನೊಳಗೆ ನನ್ನ ಕಿವಿ ಬೆಂಕಿಯಾದವು. ಆದರೆ ಆ ಜಾಗ ಇರದೆ ಇದ್ದರೆ ನಾನು ವಾಡಿ ಟೇಸನ್ನಿನಲ್ಲೇ ಇಳಿದು ತಿರುಗಿ ಬರುತ್ತಿದ್ದೆ.

ಇಲ್ಲಿ ಮೊದಲ ದಿನ ಡಾಕ್ಟರ್ ಬಾಯಿ ನನ್ನನ್ನು ನಿಲ್ಲಿಸಿ ಕೆಮ್ಮು ಎಂದರು. ಇಷ್ಟು ವರ್ಷ ನುಂಗಿದ ಕೆಮ್ಮನ್ನು ಅವರ ಎದುರಿಗೆ ಬೇಕೆಂದೇ ಕೆಮ್ಮಬೇಕು. ಕೆಮ್ಮಿದೆ. ಕಾಲಗುಂಟ ಇಳಿದು ನೆಲ ಒದ್ದೆಯಾಯಿತು. ಸೆರಗಿನಿಂದ ಒರೆಸಲು ಬಗ್ಗಿದರೆ ಅವರು ರಟ್ಟೆ ಹಿಡಿದು ನಿಲ್ಲಿಸಿ, "ಇದನ್ನೇ ನೋಡಬೇಕಾಗಿತ್ತು" ಎಂದರು. ಆಮೇಲೆ ಮೇಜಿನ ಮೇಲೆ ಮಲಗಿಸಿ ಒಳಗೆ ಬೆರಳಿನಿಂದ ಎತ್ತಿ ಹಿಡಿದು ಮತ್ತೆ ಕೆಮ್ಮು ಎಂದರು. ಒಂದು ಹನಿಯೂ ಬರಲಿಲ್ಲ. ಉಚ್ಚೆ ಚೀಲದ ಕುತ್ತಿಗೆ ಹೆರಿಗೆಗಳಲ್ಲಿ ಸಡಿಲಾಗಿ ಕೆಳಗೆ ಜಾರಿದೆ, ಆಸರೆ ಕೊಟ್ಟರೆ ನಿಲ್ಲುತ್ತದೆ. ಕೆಳಗಿನಿಂದಲೇ ಕೊಯ್ದು ಎರಡೂ ಬದಿಯ ಮಾಂಸ ಕೂಡಿಸಿ ಹೊಲಿಗೆ ಹಾಕುತ್ತೇವೆ ಎಂದರು. ಕೆಲವರಿಗೆ ಪೂರ್ತಿ ನಿಲ್ಲುತ್ತದೆ, ಕೆಲವರಿಗೆ ಮತ್ತೆ ಬರುತ್ತದೆ ಎಂಬುದನ್ನೂ ಹೇಳಿದರು. ಅವರು ಮುಚ್ಚಿಡದೆ ಹೇಳಿದ್ದರಿಂದಲೇ ನಾನು ಒಪ್ಪಿದೆ. ಇದು ನನ್ನ ಪಾಪದಿಂದ ಬಂದದ್ದೇ ಎಂದು ಕೇಳಿದೆ. "ಮಕ್ಕಳಿಂದ ಬಂದದ್ದು" ಎಂದರು.

ಮೈಮೇಲಿನದೆಲ್ಲ ತೆಗೆಸಿದರು. ಕೊರಳ ಲಿಂಗವನ್ನು ತೆಗೆಯುವುದಿಲ್ಲ ಎಂದೆ. ಬಿಳಿ ಅರಿವೆಯಲ್ಲಿ ಸುತ್ತಿ ತಲೆಗೆ ಕಟ್ಟಿದರು. ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ಸೊಂಟದ ಕೆಳಗೆ ನಾನು ಇದ್ದೇನೋ ಇಲ್ಲವೋ ತಿಳಿಯಲಿಲ್ಲ. ಎಚ್ಚರ ಇತ್ತು. ಕತ್ತರಿಯ ಸಪ್ಪಳ ಕೇಳುತ್ತಿತ್ತು. ಪಂಚಾಕ್ಷರಿ ಹೇಳುತ್ತಿದ್ದೆ. ನಡುನಡುವೆ ಅಯ್ಯಣ್ಣನ ನೆನಪು ಬಂದು ಎಣಿಕೆ ತಪ್ಪುತ್ತಿತ್ತು. ನನಗೆ ನೋಯಬಾರದೆಂದು ಸೂಜಿ ಹಾಕಿದರು. ಅವನಿಗೆ ಏನು ಹಾಕಿದ್ದರು?

ಉಚ್ಚೆ ಹೋಗಲು ರಬ್ಬರಿನ ನಳಿಗೆ ಇಟ್ಟಿದ್ದರು. ನಿನ್ನೆ ತೆಗೆದರು. ಆಮೇಲೆ ನೋಡು, ಬರಲೇ ಇಲ್ಲ! ಹೊಟ್ಟೆ ಬಿರಿಯುತ್ತಿತ್ತು, ಹನಿ ಇಳಿಯಲಿಲ್ಲ. ಮಗ್ಗುಲ ಮಂಚದಲ್ಲಿ ಗುರುಮಿಟಕಲ್ ಕಡೆಯ ಚಾಂದಬೀ ಇದ್ದಾಳೆ, ಅವಳಿಗೂ ಇದೇ ಆಪರೇಷನ್. "ಕ್ಯಾ ಅಕ್ಕಾ, ಅಷ್ಟು ವರ್ಷ ಬ್ಯಾಡ ಅಂದ್ರೂ ಬಂತು, ಈಗ ಬಾ ಅಂದ್ರ ನಖರಾ ಮಾಡ್ತದ!" ಎಂದಳು. ನಗು ತಡೆಯಲಾಗಲಿಲ್ಲ. ನಕ್ಕೆ. ನಕ್ಕ ಮೇಲೆ ಎಂದಿನ ರೂಢಿಯಂತೆ ಕೈ ಹಾಸಿಗೆಗೆ ಹೋಯಿತು. ಒಣಗಿತ್ತು. ಹಾಗೇ ಕೈ ಇಟ್ಟುಕೊಂಡು ಬಹಳ ಹೊತ್ತು ಇದ್ದೆ. ಚಾಂದಬೀ ಗೋಡೆಯ ಕಡೆ ತಿರುಗಿ ಮಲಗಿದಳು.

ಮತ್ತೆ ನಳಿಗೆ ಹಾಕಿದ್ದಾರೆ. ಇನ್ನೆರಡು ದಿನ ನೋಡೋಣ ಎಂದಿದ್ದಾರೆ.

ತಿರುಗಿ ಬರುವಾಗ ಯಾದಗಿರಿಯಲ್ಲಿ ಇಳಿದು ನೇರವಾಗಿ ಮೋಟರಿಗೆ ಹೋಗುತ್ತೇವೆ. ಅಂಬವ್ವನವರಿಗೆ ಮುಖ ತೋರಿಸುವ ಧೈರ್ಯ ನನಗಿಲ್ಲ.

ಅವ್ವ


ಯಾದಗಿರಿ
ತಾ. 20-12-1956

ಅವ್ವ,

ಮೋಟರಿಗೆ ಹೋಗುವುದು ಬೇಡ. ಮುಖ ತೋರಿಸುವ ಧೈರ್ಯವಿಲ್ಲ ಎಂದು ನೀನು ಬರೆದದ್ದನ್ನು ಅತ್ತೆಗೆ ಹೇಳಿದೆ. "ಬರಲಿ. ಜಮಖಾನಿ ಒಗದು ಹಾಕೀನಿ" ಎಂದರು. ಸಿಟ್ಟೋ ಸಮಾಧಾನವೋ ನನಗೆ ತಿಳಿಯಲಿಲ್ಲ. ಬಾ.

ಕಲ್ಯಾಣಿ


ಕೊಡೇಕಲ್
ತಾ. 10-2-1957

ಮಗಳೇ ಕಲ್ಯಾಣಿ, ನಾನು ಗಟ್ಟಿಯಾಗಿದ್ದೇನೆ. ನೀನೂ ಹಾಗೇ ಇರು.

ಕೆಮ್ಮಿದರೆ ನಿಲ್ಲುತ್ತದೆ. ನೆಗಡಿಯಾಗಿ ಜೋರಾಗಿ ಸೀನಿದಾಗ ಮಾತ್ರ ಎರಡು ಹನಿ. ಡಾಕ್ಟರ್ ಬಾಯಿ ಹೇಳಿದಂತೆ ಕೊಡ ಎತ್ತುವುದಿಲ್ಲ, ಮಲ್ಲಣ್ಣನೂ ನಿನ್ನ ಅಪ್ಪನೂ ನೀರು ತರುತ್ತಾರೆ. ಬಾವಿಯ ಹತ್ತಿರ, "ಭಾಗಮ್ಮ ಸೊಲ್ಲಾಪುರಕ್ಕ ಹೋಗಿ ಹೊಲಿಗಿ ಹಾಕಿಸ್ಕೊಂಡು ಬಂದಾಳ, ಗಂಡನ್ನ ನೀರಿಗೆ ಹಚ್ಯಾಳ" ಎಂದು ನಗುತ್ತಾರಂತೆ. ಊರಿಗೆಲ್ಲ ಗೊತ್ತಾಗಿದೆ. ಗುಡಿಯಲ್ಲಿ ಒಳಗೆ ಹೋಗಿ ಕೂತೆ. ಇಬ್ಬರು ಸರಿದು ಕೂತರು. ಜಾಗ ಬಿಡಲಿಕ್ಕೆ ಸರಿದರೋ ದೂರ ಸರಿದರೋ ನೋಡಲು ಹೋಗಲಿಲ್ಲ.

ಈಗ ನಿನಗೆ ಹೇಳದೆ ಬಂದ ಮಾತು. ಸೊಲ್ಲಾಪುರದಿಂದ ಬರುತ್ತ ನಿಮ್ಮ ಮನೆಯಲ್ಲಿ ಇಳಿದಿದ್ದೆವಲ್ಲ, ಅಲ್ಲಿಂದ ಹೊರಡುವ ದಿನ ನೀನು ಕೂಸಿಗೆ ಹಾಲು ಕುಡಿಸುತ್ತಿದ್ದೆ. ಬಚ್ಚಲಲ್ಲಿ ಬಿಸಿನೀರಿನ ಹಂಡೆಯ ಹತ್ತಿರ ಕೊಡ ಇತ್ತು. ರೂಢಿಯಿಂದ ಕೈ ಹಾಕಿದೆ. "ಏ, ಬಿಡ್ರಿ ಬೀಗತಿ! ಎತ್ತಬ್ಯಾಡ ಅಂದಾರಿಲ್ಲೋ ಡಾಕ್ಟರ್ ಬಾಯಿ!" ಎಂದು ಅಂಬವ್ವನವರು ಓಡಿ ಬಂದು ಕಸಿದುಕೊಂಡರು. ಮೂರು ದಿನದಲ್ಲಿ ಉಣ್ಣಿರಿ, ಮಲಗಿರಿ ಎಂಬುದು ಬಿಟ್ಟರೆ ಅದೇ ಮೊದಲನೆಯ ಮಾತು. ಕೊಡ ಕೆಳಗಿಟ್ಟು ಅಲ್ಲೇ ನಿಂತರು.

"ನಾ ನಿಮ್ಮ ಮ್ಯಾಲ ಸಿಟ್ಟಾಗೀನಿ ಅಂತ ತಿಳಿದೀರೇನು?"

"ಆಗಬೇಕಲ್ರಿ" ಎಂದೆ.

"ಆಗೀನಿ. ಅದಲ್ಲ ನನಗಿರೋದು." ಸೆರಗಿನಿಂದ ಕೈ ಒರೆಸಿಕೊಂಡರು, ಒಣಗಿದ ಕೈಯನ್ನೇ ಮತ್ತೆ ಒರೆಸಿಕೊಂಡರು. "ಬರಿ ಕೊಡೋ ಮುಂದ ಕಾಲು ಹಿಡಿದಾಕಿ ನಾನು. ಒದೀತಿತ್ತು ಕೂಸು. ಜೋರ ಹಿಡಿದೆ. ಆರು ತಿಂಗಳ ಕೂಸಿಗೆ ಎಷ್ಟು ಶಕ್ತಿ ಇರತದ್ರಿ? ಆದ್ರೂ ಜೋರ ಹಿಡಿದೆ. ಈಗ ನೀರು ಹಾಕಾಕ ಕುಂತ್ರ ಆ ಕಾಲು ಮುಟ್ಟಾಕ ಕೈ ಬರವಲ್ದು."

ಇದಕ್ಕೇ ಅವರು ಕೂಸಿಗೆ ನೀರು ಹಾಕುವುದನ್ನು ಬಿಟ್ಟದ್ದು. ನೀನು ಸಿಟ್ಟು ಎಂದು ಬರೆದೆ, ನಾನು ಹೌದು ಎಂದು ನಂಬಿದೆ. "ಹಿಡಿಸಿದಾಕಿ ನಾನ್ರಿ" ಎಂದೆ. ಅವರು ಒಲೆಯ ಬೆಂಕಿ ಮುಂದೆ ಮಾಡಿದರು. ಆಮೇಲೆ ದನಿ ಇಳಿಸಿ, "ಇರಲಿ ಬಿಡ್ರಿ. ನಾಳೆ ಯಾರರೆ ಕೇಳಿದ್ರ ಉಬ್ಬಸಕ್ಕ ಹಾಕಿಸೀವಿ ಅಂತ ಹೇಳೂಣು. ದೊಡ್ಡವನಾದ್ರ ಅವಗೂ ಹಂಗೇ ಹೇಳೂಣು. ನಿಮ್ಮ ಮರ್ಯಾದಿನೂ ಉಳೀತದ, ನಂದೂ ಉಳೀತದ" ಎಂದರು. ನಾನು ತಲೆಯಾಡಿಸಿದೆ. ಆಗ ಹಗುರಾಯಿತು. ನಿನ್ನ ಕೈಯಿಂದ ಕೂಸನ್ನು ತೆಗೆದುಕೊಂಡಾಗಲೂ ಹಗುರವಾಗಿಯೇ ಇದ್ದೆ. ಮೋಟರಿನಲ್ಲಿ ಕೂತು ಭೀಮಾ ನದಿ ದಾಟುವ ಹೊತ್ತಿಗೆ ಆ ಹಗುರ ಹೋಯಿತು.

ಅವರ ಮಾತನ್ನು ನಿನಗೆ ಹೇಳಿದ್ದು ತಪ್ಪೇನೋ. ಆದರೆ ಸೊಸೆಯಾಗಿ ನೀನು ಅವರ ಜೊತೆ ಬಾಳುವವಳು, ಸಿಟ್ಟಲ್ಲದ್ದನ್ನು ಸಿಟ್ಟು ಎಂದು ತಿಳಿದು ಬಾಳಬಾರದು. ನಾಳೆ ಕೂಸಿಗೆ ನೀರು ಹಾಕುವಾಗ ಅವರನ್ನು ಕರೆ. ಬರದಿದ್ದರೆ ಮರುದಿನ ಕರೆ.

ಅಯ್ಯಣ್ಣ ಮಾತು ಕಲಿಯುತ್ತಾನೆ, ನಡೆಯುತ್ತಾನೆ. ಒಂದು ದಿನ ಅಂಗಿ ಎತ್ತಿ ಇದೇನು ಎಂದು ಕೇಳುತ್ತಾನೆ. ಉಬ್ಬಸ ಎಂದು ಹೇಳಬೇಡ. ಅವನಿಗೆ ಉಬ್ಬಸ ಇರಲಿಲ್ಲ, ನೀರಿನ ರೋಗವೂ ಇರಲಿಲ್ಲ. ಇಲ್ಲದ ರೋಗವನ್ನು ಒಮ್ಮೆ ಅವನ ಮೇಲೆ ಹಾಕಿದ್ದು ಸಾಕು. ಅಂಬವ್ವನವರ ಹೆಸರನ್ನು ಹೇಳುವುದು ಬಿಡುವುದು ಅವರಿಗೆ ಬಿಟ್ಟದ್ದು. ನನ್ನ ಹೆಸರನ್ನು ನೀನು ಹೇಳು.

ಅವ್ವ